ಗಿರಿಜವ್ವನ ಕಾರ್ಡು, ನನ್ನ ಟಿಕ್ಕು

ಓಕ್ ಬ್ರೂಕ್

ನಾನು ಹೋದಾಗ ಷಿಕಾಗೊದ ಗಾಳಿಯಲ್ಲಿ ಹತ್ತಿ ಹಾರುತ್ತಿತ್ತು. ಸುಳ್ಳಲ್ಲ. ಜೂನ್ ತಿಂಗಳ ಬಿಸಿಲಲ್ಲಿ ಬೆಳ್ಳಗೆ, ಮೆತ್ತಗೆ, ಯಾವ ಅವಸರವೂ ಇಲ್ಲದೆ ತೇಲಿಕೊಂಡು ಬಂದು ಹುಲ್ಲಿನ ಮೇಲೆ, ಕಾರಿನ ಮೇಲೆ, ನನ್ನ ಕಾಫಿ ಲೋಟದೊಳಗೆ ಕೂರುತ್ತಿತ್ತು. ಅಲ್ಲಿನ ಒಂದು ಜಾತಿಯ ಮರ ಬೀಜ ಬಿಡುವ ಕಾಲವಂತೆ. ವಿಮಾನದ ಮಂಪರು ನನಗಿನ್ನೂ ಇಳಿದಿರಲಿಲ್ಲ. ಸಂಜೆ ಎಂಟೂವರೆಗೂ ಮನೆಗೆ ಹೋಗಲೊಲ್ಲದ ಸೂರ್ಯ, ಒಂದು ನರಪಿಳ್ಳೆಯೂ ಕಾಣದ ಬೀದಿಗಳು, ನಡುವೆ ಈ ಹತ್ತಿ. ಎದ್ದಿದ್ದೇನೋ ಮಲಗಿದ್ದೇನೋ ಎಂಬ ಅನುಮಾನ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು.

ನನ್ನ ತಂಗಿ ವಸುಧಾ ಅಲ್ಲಿ ಹಲ್ಲಿನ ಡಾಕ್ಟರು. ಅವಳ ಮಗಳು ನಂದಿನಿಗೆ ಪಕ್ಕದ ಮಿಷಿಗನ್ ರಾಜ್ಯದ ಲಿವೋನಿಯಾದಲ್ಲಿ ಆಗಷ್ಟೇ ಹೆರಿಗೆಯಾಗಿತ್ತು. ಕೂಸನ್ನು ನೋಡುವ ನೆಪ ಮಾಡಿಕೊಂಡು ನಾನು ಎರಡು ತಿಂಗಳ ಮಟ್ಟಿಗೆ ಮೈಸೂರು ಬಿಟ್ಟಿದ್ದೆ. ನಾನು ಇಂಗ್ಲಿಷು, ಸಮಾಜ ಎರಡನ್ನೂ ಕಲಿಸಿದ ರಿಟೈರ್ಡ್ ಹೈಸ್ಕೂಲ್ ಟೀಚರ್. ಅದಕ್ಕಿಂತ ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುವುದೆಂದರೆ, ನಮ್ಮ ಬಡಾವಣೆಯ ಮತದಾರರ ಪಟ್ಟಿ ಹದಿನಾರು ವರ್ಷ ನನ್ನ ಕೈಯಲ್ಲಿತ್ತು. ಮನೆಮನೆಯ ಮೆಟ್ಟಿಲು ಹತ್ತಿಳಿದು ಹದಿನೆಂಟು ತುಂಬಿದವರ ಹೆಸರು ಸೇರಿಸಿದವಳು, ಸತ್ತವರ ಮತ್ತು ಊರು ಬಿಟ್ಟವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದವಳು ನಾನು. ಹೊಸ ಬಾಡಿಗೆದಾರರ ಸಾಮಾನು ಲಾರಿಯಿಂದ ಇಳಿಯುವ ಮೊದಲೇ ನಾನು ಫಾರಂ ಹಿಡಿದು ಗೇಟಿನಲ್ಲಿ ನಿಂತಿರುತ್ತೇನೆಂದು ನಮ್ಮ ಮನೆಯವರು ಗೇಲಿ ಮಾಡುತ್ತಿದ್ದರು. ಈ ಚಾಳಿಯಿಂದಲೇ ಮುಂದಿನ ಫಜೀತಿಯೆಲ್ಲ ಆದದ್ದು.

ವಸುಧಾಳ ಮನೆಯ ಬೇಸ್‌ಮೆಂಟಿನಲ್ಲಿ ಗಿರಿಜವ್ವ ಇದ್ದಳು. ಗದಗದ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಣಂತನ ಮಾಡುವುದರಲ್ಲಿ ಎತ್ತಿದ ಕೈ. ಒಂಬತ್ತು ವರ್ಷದ ಹಿಂದೆ ಒಂದು ಕನ್ನಡದ ಮನೆಯವರು ವಿಸಿಟರ್ ವೀಸಾದ ಮೇಲೆ ಆರು ತಿಂಗಳಿಗೆಂದು ಅವಳನ್ನು ಕರೆಸಿಕೊಂಡಿದ್ದರಂತೆ.

"ಒಂದ್ ಕೂಸಿಗೆ ನೀರು ಹಾಕಿ ಮುಗಸೂದ್ರಾಗ ಬಾಜೂ ಮನ್ಯಾಗ ಇನ್ನೊಂದು ಬಂತ್ರೀ ಅಕ್ಕೋರ," ಎಂದು ಹೇಳಿದಳು. ಅವರ ಕಡೆ ಟೀಚರನ್ನು ಹಾಗೆ ಕರೆಯುತ್ತಾರೆ. "ಹಸೀ ಬಾಣಂತೀನ ನಡುವ ಬಿಟ್ಟು ಹೆಂಗ ಹೋಗೂದು? ಇದೊಂದು ಮುಗೀಲಿ, ಇದೊಂದು ಮುಗೀಲಿ ಅನ್ಕೋತ ವೀಸಾ ಮುಗದ ಹೋತು."

ಹಾಗೆ ಅವಳು ಕಾಗದಪತ್ರವಿಲ್ಲದವಳಾದಳು. ಊರಿನಲ್ಲಿ ಮಗಳನ್ನು ನರ್ಸಿಂಗ್ ಓದಿಸಿದ್ದು ಈ ದುಡಿಮೆಯಿಂದಲೇ. ಆ ಮಗಳನ್ನು ಒಂಬತ್ತು ವರ್ಷದಿಂದ ಫೋನಿನಲ್ಲಿ ಬಿಟ್ಟರೆ ಕಂಡಿಲ್ಲ. ಒಮ್ಮೆ ಹೊರಟರೆ ತಿರುಗಿ ಬರುವ ಹಾಗಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಲೈಸೆನ್ಸ್ ಇಲ್ಲದೆಯೇ ಹಳೇ ಕಾರು ಓಡಿಸುತ್ತಿದ್ದಳು. ಹಿಂದೆ ಪೊಲೀಸ್ ಕಾರು ಕಂಡರೆ ಹತ್ತಿರದ ಯಾವುದಾದರೂ ಅಂಗಡಿಯ ಪಾರ್ಕಿಂಗಿಗೆ ನುಗ್ಗಿ, ಅದು ಕಣ್ಮರೆಯಾಗುವವರೆಗೆ ಸ್ಟೀರಿಂಗ್ ಹಿಡಿದು ಕೂತುಬಿಡುತ್ತಿದ್ದಳಂತೆ. ಸಿಕ್ಕಿಬಿದ್ದರೆ ನೇರ ವಿಮಾನ ಹತ್ತಿಸುತ್ತಾರೆಂಬ ಭಯ.

ಇಲಿನಾಯ್ ರಾಜ್ಯದಲ್ಲಿ ಇಂಥವರಿಗೂ ಲೈಸೆನ್ಸ್ ಕೊಡುವ ಕಾನೂನಿದೆ. ವಸುಧಾ ವರ್ಷಗಟ್ಟಲೆ ಹೇಳಿ ಹೇಳಿ, ಕೊನೆಗೂ ಗಿರಿಜವ್ವ ಬರೆಯುವ ಪರೀಕ್ಷೆ ಪಾಸು ಮಾಡಿಕೊಂಡಿದ್ದಳು. ಗಾಡಿ ಓಡಿಸಿ ತೋರಿಸುವುದು, ಫೋಟೊ ತೆಗೆಸುವುದು ಬಾಕಿ.

"ಅಕ್ಕಾ, ನೀನು ಅವಳ ಜೊತೆ ಹೋಗಿ ಕೂತ್ಕೋ. ಫಾರಂ ಫಿಲ್ ಮಾಡ್ಕೊಡು ಸಾಕು," ಎಂದಳು ವಸುಧಾ. "ನನಗೆ ಕ್ಲಿನಿಕ್‌ನಲ್ಲಿ ಪೇಷಂಟ್ಸ್ ಇದಾರೆ. ಮತ್ತೆ ನೋಡು, ಅಲ್ಲಿ ಹೋಗಿ ಮೇಡಂತನ ತೋರಿಸ್ಬೇಡ."

ಫಾರಂ ತುಂಬುವುದು! ನನಗೆ ಇದ್ದಕ್ಕಿದ್ದಂತೆ ಹತ್ತು ವರ್ಷ ಕಮ್ಮಿಯಾದ ಹಾಗಾಯಿತು.

ಕಚೇರಿಯ ಬೆಂಚು

ಆ ಕಚೇರಿಯಲ್ಲಿ ಅಪರೂಪದ ನಿಶ್ಶಬ್ದವಿತ್ತು. ನಮ್ಮ ತಾಲ್ಲೂಕು ಕಚೇರಿಯಲ್ಲಾದರೆ ಇಷ್ಟು ಹೊತ್ತಿಗೆ ಪಕ್ಕದವರ ಗೋತ್ರ, ಮಗಳ ಮದುವೆ, ಮಂಡಿನೋವು ಎಲ್ಲ ತಿಳಿದುಹೋಗಿರುತ್ತದೆ. ಇಲ್ಲಿ ಇಬ್ಬರ ನಡುವೆ ಒಂದು ಖಾಲಿ ಕುರ್ಚಿ ಬಿಟ್ಟೇ ಕೂರುತ್ತಾರೆ. ಕಣ್ಣು ಸಿಕ್ಕಿದರೆ ನಗುತ್ತಾರೆ, ಆದರೆ ನಗು ತುಟಿಯಿಂದ ಮುಂದಕ್ಕೆ ಹೋಗುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಒಂದೆರಡು ಎಳೆ ಹತ್ತಿ ಒಳಗೆ ತೇಲಿ ಬಂದು, ತಮಗೂ ಟೋಕನ್ ಸಿಗಬಹುದೆಂಬಂತೆ ನೆಲದ ಮೇಲೆ ಸುತ್ತಾಡುತ್ತಿತ್ತು.

ಗಿರಿಜವ್ವ ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಕಾರಿನಲ್ಲಿ ಇಪ್ಪತ್ತು ನಿಮಿಷ ಸುತ್ತಿ ಬಂದು "ಪಾಸ್ ಆದೆ ಅನ್ನಾಕತ್ತಾರ್ರೀ" ಎಂದು ಕೂತಳು. ಬೆವರಿನಲ್ಲಿ ಸ್ನಾನ ಮಾಡಿದ್ದಳು. ಫೋಟೊದ ಸರದಿ ಬಂದಾಗ ನನ್ನ ಕಿವಿಯಲ್ಲಿ, "ಕುಂಕುಮ ಅಳಿಸಬೇಕೇನ್ರೀ?" ಎಂದು ಕೇಳಿದಳು. ಕೌಂಟರಿನ ಹೆಂಗಸಿಗೆ ನಾನು ಹೇಗೋ ಕೇಳಿದೆ. ಉಗುರಿಗೆಲ್ಲ ನೀಲಿ ಬಣ್ಣ ಹಚ್ಚಿಕೊಂಡಿದ್ದ ಆಕೆ, ಚೆನ್ನಾಗಿದೆ, ಹಾಗೇ ಇರಲಿ ಎಂದಳು. ಗಿರಿಜವ್ವನ ಕಣ್ಣಲ್ಲಿ ನೀರು ಬಂತು. ಆ ನೀರಿನ ಸಮೇತವೇ ಫೋಟೊ ಬಿತ್ತು.

ಕಾರ್ಡು ಅಂಚೆಯಲ್ಲಿ ಬರುತ್ತದೆಂದೂ ಅಲ್ಲಿವರೆಗೆ ಇದನ್ನು ಇಟ್ಟುಕೊಳ್ಳಬೇಕೆಂದೂ ಹೇಳಿ, ಫೋಟೊ ಇರುವ ಒಂದು ತಾತ್ಕಾಲಿಕ ಲೈಸೆನ್ಸ್ ಕಾಗದ ಕೊಟ್ಟರು.

ಇಷ್ಟಕ್ಕೇ ಎದ್ದು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕಾದು ಕೂತಿದ್ದಾಗಲೇ ನನ್ನ ಕಣ್ಣು ಗೋಡೆಯ ಬಳಿಯ ಸ್ಟ್ಯಾಂಡಿನ ಮೇಲೆ ಬಿದ್ದಿತ್ತು. ಅಲ್ಲಿ ಮತದಾರರ ನೋಂದಣಿ ಫಾರಂಗಳು! ಕೇಳುವವರಿಲ್ಲದೆ, ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಜೋಡಿಸಿಟ್ಟಿದ್ದರು. ತವರಿನವರನ್ನು ಕಂಡಷ್ಟು ಸಂತೋಷವಾಯಿತು. ನನ್ನ ಪ್ರಕಾರ ಒಬ್ಬ ಮನುಷ್ಯನಿಗೆ ಗುರುತು ಎಂದರೆ ಮತದಾರರ ಗುರುತಿನ ಚೀಟಿ. ಪಟ್ಟಿಯಲ್ಲಿ ಹೆಸರು ಮೊದಲು, ಕಾರ್ಡು ಆಮೇಲೆ. ಇವಳಿಗೆ ಸರ್ಕಾರವೇ ಕಾರ್ಡು ಕೊಡುತ್ತಿದೆ, ಒಂಬತ್ತು ವರ್ಷದಿಂದ ಇಲ್ಲೇ ವಾಸ, ಅಂದಮೇಲೆ ಪಟ್ಟಿಯಲ್ಲೂ ಇರಬೇಕಲ್ಲ ಎಂದು ನನ್ನ ತಲೆ ಲೆಕ್ಕ ಹಾಕಿತು. ಮಂಪರಿನಲ್ಲಿದ್ದ ತಲೆ.

ಹೆಸರು, ವಿಳಾಸ, ಹುಟ್ಟಿದ ದಿನ ತುಂಬಿದೆ. ಮೇಲೆ ಎರಡು ಚೌಕಗಳಿದ್ದವು. ನಾನು ಜೀವಮಾನದಲ್ಲಿ ಸಾವಿರ ಫಾರಂ ತುಂಬಿದವಳು. ಚೌಕ ಕಂಡಲ್ಲಿ ಟಿಕ್ ಹಾಕುವುದು ನನ್ನ ಕೈಗೆ ಬಂದುಹೋಗಿದೆ, ಅದಕ್ಕೆ ಕಣ್ಣಿನ ಅಪ್ಪಣೆ ಬೇಕಿಲ್ಲ. ಹಾಕಿದೆ. ಉಳಿದ ಕಾಗದಗಳ ಜೊತೆಗೇ ಕೆಳಗಿಟ್ಟು "ಇಲ್ಲೊಂದು ಸಹಿ ಮಾಡಮ್ಮಾ" ಎಂದೆ. ಅವಳು ಅಕ್ಕೋರು ಹೇಳಿದರೆಂದು ಮಾಡಿದಳು. ಕಾರ್ಡು ಬಂದ ದಿನ ಹೇಳಿ ಬೆರಗುಗೊಳಿಸೋಣ ಎಂದು ನಾನು ಅದನ್ನು ಮಡಚಿ ಬ್ಯಾಗಿನಲ್ಲಿಟ್ಟೆ.

ಸರೋವರದ ಮಗ್ಗುಲಲ್ಲಿ

ಮೂರನೆಯ ದಿನ ವಸುಧಾ, ನಂದಿನಿಯ ಬಾಣಂತನಕ್ಕೆಂದು ಗಿರಿಜವ್ವನನ್ನೂ ಜೊತೆಗೆ ನನ್ನನ್ನೂ ಕೂರಿಸಿಕೊಂಡು ಲಿವೋನಿಯಾಕ್ಕೆ ಡ್ರೈವ್ ಮಾಡಿದಳು. ಸುಮಾರು ಮುನ್ನೂರು ಮೈಲಿ. ದಾರಿಯಲ್ಲಿ ಒಂದೆಡೆ ಸರೋವರ ನೋಡಲು ನಿಲ್ಲಿಸಿದೆವು. ಸರೋವರವೆಂದು ಹೆಸರು, ಆಚೆ ದಡವೇ ಇಲ್ಲ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಉಪ್ಪಿನ ವಾಸನೆಯಿಲ್ಲದ ಸಮುದ್ರದ ಮುಂದೆ ನಿಂತರೆ ಮೂಗಿಗೂ ಇದು ಕನಸೇ ಇರಬೇಕೆನಿಸುತ್ತದೆ. ಗಿರಿಜವ್ವ ಚಪ್ಪಲಿ ಬಿಟ್ಟು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಗಾಳಿಯಲ್ಲಿ ಬಂದ ಒಂದು ಹತ್ತಿಯ ಎಳೆ ಹಿಡಿದು ಬೆರಳಿನಲ್ಲಿ ಹೊಸೆದು ನೋಡಿದಳು.

"ನೂಲು ಬರಂಗಿಲ್ರೀ ಇದರಾಗ. ಬರೇ ಹಾರ್ತೈತಿ."

ಮಿಷಿಗನ್ನಿನ ಗಡಿ ದಾಟುತ್ತಿದ್ದಂತೆ ಫೋನಿನ ಗಡಿಯಾರ ತನ್ನಷ್ಟಕ್ಕೆ ಒಂದು ಗಂಟೆ ಮುಂದೆ ಹಾರಿತು. ಆ ಗಂಟೆ ಎಲ್ಲಿ ಹೋಯಿತೆಂದು ನಾನು ಬಹಳ ಹೊತ್ತು ಯೋಚಿಸಿದೆ. ವಸುಧಾ ಕನ್ನಡಿಯಲ್ಲಿ ಗಿರಿಜವ್ವನನ್ನು ನೋಡಿ, "ಈ ರಾಜ್ಯದಲ್ಲಿ ನಿನ್ನಂಥೋರಿಗೆ ಲೈಸೆನ್ಸ್ ಕೊಡಲ್ಲ ಗೊತ್ತಾ? ಅಲ್ಲೇ ಮಾಡಿಸ್ಕೊಂಡಿದ್ದು ಒಳ್ಳೇದಾಯ್ತು," ಎಂದಳು. ಎರಡೂ ಕಡೆ ಅದೇ ಜೋಳ, ಅದೇ ರಸ್ತೆ. ಗಿರಿಜವ್ವ ಹಿಂದಕ್ಕೆ ತಿರುಗಿ ಗಾಜಿನಾಚೆ ಗಡಿಯನ್ನು ಹುಡುಕಿದಳು. ಕಾಣುವಂಥದ್ದೇನೂ ಇರಲಿಲ್ಲ.

ಲಿವೋನಿಯಾ

ನಂದಿನಿ ಹುಟ್ಟಿ ಬೆಳೆದದ್ದು ಅಮೆರಿಕದಲ್ಲೇ. ಅವಳ ಗಂಡ ಶ್ರೀಕಾಂತ ಮೈಸೂರಿನವನು, ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯ ಎಂಜಿನಿಯರ್. ಅವನಿಗೆ ಗ್ರೀನ್ ಕಾರ್ಡ್ ಇತ್ತು. ಪೌರತ್ವಕ್ಕೆ ಅರ್ಜಿ ಹಾಕಿ ಮುಂದಿನ ವಾರದ ಇಂಟರ್‌ವ್ಯೂಗೆ ಓದಿಕೊಳ್ಳುತ್ತಿದ್ದ. ಮನೆಯಲ್ಲಿದ್ದ ಹನ್ನೆರಡು ದಿನದ ಕೂಸು ಮಾತ್ರ ಏನೂ ಓದದೆ ಪ್ರಜೆಯಾಗಿತ್ತು.

ಮರುದಿನ ಬೆಳಿಗ್ಗೆ ವಸುಧಾ ಕ್ಲಿನಿಕ್ಕಿಗೆಂದು ವಾಪಸು ಹೊರಟ ಮೇಲೆ, ಬ್ಯಾಗು ಕೆದಕುವಾಗ ಆ ಫಾರಂ ಕೈಗೆ ಸಿಕ್ಕಿತು. ನಂದಿನಿಯ ಹತ್ತಿರ ಲಕೋಟೆ, ಸ್ಟಾಂಪು ಕೇಳಿಕೊಂಡು, ಫಾರಂನಲ್ಲಿದ್ದ ಚುನಾವಣಾ ಕಚೇರಿಯ ವಿಳಾಸ ಬರೆದು, ಕಳಿಸುವವರ ಜಾಗದಲ್ಲಿ ಗಿರಿಜವ್ವನ ಹೆಸರು ಮುತ್ತು ಪೋಣಿಸಿದ ಹಾಗೆ ಬರೆದೆ. ಪೋಸ್ಟ್ ಡಬ್ಬ ಎಲ್ಲಿ ಎಂದರೆ ನಂದಿನಿ ನಕ್ಕಳು. "ನಮ್ಮ ಮೇಲ್‌ಬಾಕ್ಸಲ್ಲೇ ಇಟ್ಟು ಆ ರೆಡ್ ಫ್ಲ್ಯಾಗ್ ಮೇಲೆತ್ತಿ ದೊಡ್ಡಮ್ಮ. ಅವನೇ ಬಂದು ತೊಗೊಂಡ್ ಹೋಗ್ತಾನೆ." ಪತ್ರ ತರುವವನೇ ಮನೆ ಬಾಗಿಲಿನಿಂದ ಪತ್ರ ಒಯ್ಯುವ ದೇಶ! ರಸ್ತೆಯಂಚಿಗೆ ಹೋಗಿ ಲಕೋಟೆ ಒಳಗಿಟ್ಟು, ಆ ಪುಟ್ಟ ಕೆಂಪು ಬಾವುಟವನ್ನು ಶಾಲೆಯಲ್ಲಿ ಧ್ವಜ ಏರಿಸಿದಷ್ಟು ಗಂಭೀರವಾಗಿ ಎತ್ತಿ ಬಂದೆ.

ಹನ್ನೊಂದರ ಸುಮಾರಿಗೆ ಮನೆ ತುಂಬ ಎಳ್ಳೆಣ್ಣೆಯ ವಾಸನೆ. ಬಚ್ಚಲಿನಲ್ಲಿ ಗಿರಿಜವ್ವ ಕಾಲು ಚಾಚಿ, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನಾನು ಹಾಲಿನಲ್ಲಿ ಕೂತು ತೂಕಡಿಸುತ್ತಿದ್ದೆ. ಶ್ರೀಕಾಂತ ತನ್ನ ಅರ್ಜಿಯ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ.

"ಆಂಟಿ, ಇದು ನಿಮ್ಮ ಡಿಪಾರ್ಟ್‌ಮೆಂಟು ನೋಡಿ," ಎಂದ. "ಅಮೆರಿಕದ ಯಾವುದಾದ್ರೂ ಎಲೆಕ್ಷನ್‌ಗೆ ಎಂದಾದರೂ ವೋಟರ್ ಆಗಿ ರಿಜಿಸ್ಟರ್ ಮಾಡಿಸಿದ್ದೀರಾ ಅಂತ ಕೇಳ್ತಾರೆ."

"ಮಾಡಿಸಿದೀನಿ ಅಂತ ಹೇಳಪ್ಪ, ಒಳ್ಳೇ ನಾಗರಿಕ ಅಂತಾರೆ."

"ಅಯ್ಯೋ, ಸತ್ತೆ! ಇಲ್ಲಿ ಸಿಟಿಜನ್ ಅಲ್ದೋರು ರಿಜಿಸ್ಟರ್ ಮಾಡಿಸಿದ್ರೇನೇ ತಪ್ಪು. ಗ್ರೀನ್ ಕಾರ್ಡ್ ಇರೋ ನಾನೇ ಮಾಡಿಸೋ ಹಾಗಿಲ್ಲ. ಆ ಫಾರಂನಲ್ಲಿ ಮೇಲೇ ಒಂದು ಬಾಕ್ಸ್ ಇರುತ್ತೆ, ನೀವು ಸಿಟಿಜನ್ನಾ ಅಂತ. ಸುಳ್ಳು ಟಿಕ್ ಹಾಕಿ ಸಹಿ ಮಾಡಿದ್ರೆ ಡಿಪೋರ್ಟ್ ಮಾಡ್ಬಹುದು, ದೇಶದಿಂದ್ಲೇ ಹೊರಗೆ. ಮುಂದೆ ಯಾವ ದಾರಿ ತೆರೆದ್ರೂ ಅವರಿಗೆ ಬಾಗಿಲು ಮುಚ್ಚಿದ ಹಾಗೇ."

"ಮತ್ತೆ ಲೈಸೆನ್ಸ್ ಕೊಡ್ತಾರಲ್ಲೋ, ಕಾಗದ ಇಲ್ಲದೋರಿಗೂ?"

"ಅದು ಗಾಡಿ ಓಡಿಸೋಕೆ ಆಂಟಿ. ಅದಕ್ಕೂ ವೋಟಿಗೂ ಸಂಬಂಧವೇ ಇಲ್ಲ."

ಮೇಲಿನ ಆ ಎರಡು ಚೌಕಗಳು, ಅವುಗಳ ಪಕ್ಕದಲ್ಲಿದ್ದ, ನಾನು ಓದದೆ ಬಿಟ್ಟ ಅಕ್ಷರಗಳು, ಈಗ ದೊಡ್ಡದಾಗಿ ಕಣ್ಣ ಮುಂದೆ ಬಂದು ನಿಂತವು. ನೀವು ಅಮೆರಿಕದ ಪ್ರಜೆಯೇ? ಹೌದು ಎಂದು ನಾನು ಬರೆದಿದ್ದೆ. ಕೆಳಗೆ ಗಿರಿಜವ್ವನ ಸಹಿ ಇತ್ತು.

ಕೆಂಪು ಬಾವುಟ

ಓಡಿದೆ. ನೈಟಿಯ ಮೇಲೆ ಶಾಲು, ಬರಿಗಾಲು. ಗಾಳಿಯ ತುಂಬ ಹತ್ತಿ ಹಾರುತ್ತಿತ್ತು, ಎಷ್ಟು ಓಡಿದರೂ ಆ ಹುಲ್ಲು ಮುಗಿಯುತ್ತಿರಲಿಲ್ಲ. ಜ್ವರದ ಕನಸಿನಲ್ಲಿ ಹೀಗೇ ಕಾಲು ಏಳುವುದಿಲ್ಲ. ಬಾವುಟ ಎದ್ದೇ ಇತ್ತು. ಆದರೆ ಅದರ ಮುಂದೆ ಅಂಚೆಯ ಬಿಳಿ ಗಾಡಿ ನಿಂತಿತ್ತು, ಸ್ಟೀರಿಂಗು ನಮ್ಮೂರಿನ ಹಾಗೆ ಬಲಗಡೆಗಿದ್ದ ಗಾಡಿ. ನಾನು ನೋಡುತ್ತಿದ್ದಂತೆ ಒಳಗಿನಿಂದ ಒಂದು ಕೈ ಚಾಚಿ ಲಕೋಟೆ ಎತ್ತಿಕೊಂಡು, ಬಾವುಟ ಇಳಿಸಿತು.

"ನೋ! ಸ್ಟಾಪ್! ಮೈ ಲೆಟರ್!" ಎಂದು ಕಿರುಚಿದೆ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ಬಾಯಿಂದ ಬಂದದ್ದು ಅಷ್ಟೇ.

ಅಂಚೆಯವನು ನರೆತ ಗಡ್ಡದ, ನಿಧಾನದ ಮನುಷ್ಯ. ಲಕೋಟೆ ನೋಡಿದ, ನನ್ನನ್ನು ನೋಡಿದ. ಇದನ್ನು ಕಳಿಸಿದವರು ನೀವೇನಾ ಎಂದು ಕೇಳಿದ. ಅಲ್ಲ ಎಂದೆ. ಹಾಗಾದರೆ ಕೊಡಲಾಗುವುದಿಲ್ಲ, ಅದರ ಮೇಲೆ ಹೆಸರಿರುವವರು ಗುರುತಿನ ಚೀಟಿ ತೋರಿಸಿದರೆ ಮಾತ್ರ ಕೊಡಬಹುದು ಎಂದ. ಬೇರೆಯವರಿಗೆ ಎಷ್ಟೋ ಸಲ ನಾನೇ ಹೇಳಿದ್ದ ಮಾತು ಅದು, ಅದೇ ದನಿಯಲ್ಲಿ.

ಒಳಗೆ ಹೋಗಿ ಬಚ್ಚಲಿನ ಬಾಗಿಲಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ. ನಾನು ಮಾಡಿದ್ದೇನು, ಅದರಿಂದ ಆಗಬಹುದಾದ್ದೇನು, ಈಗ ಹೊರಗೆ ಯಾರು ಕಾಯುತ್ತಿದ್ದಾರೆ. ಗಿರಿಜವ್ವ ಕೇಳುತ್ತಲೇ ಕೂಸಿನ ಬೆನ್ನಿಗೆ ಎರಡು ಚೊಂಬು ನೀರು ಹಾಕಿ ಮುಗಿಸಿ, ಟವೆಲಿನಲ್ಲಿ ಸುತ್ತಿ ನಂದಿನಿಯ ಕೈಗೆ ಕೊಟ್ಟಳು.

"ಯೂನಿಫಾರ್ಮ್ ಹಾಕ್ಯಾನೇನ್ರೀ ಅವಾ?" ಎಂದಷ್ಟೇ ಕೇಳಿದಳು.

"ಹಾಕಿದಾನೆ. ಆದ್ರೆ ಪೋಸ್ಟಿನವನು."

ಎಣ್ಣೆಗೈ ಒರೆಸಿಕೊಂಡು, ಬ್ಯಾಗಿನಿಂದ ಆ ತಾತ್ಕಾಲಿಕ ಲೈಸೆನ್ಸ್ ಕಾಗದ ತೆಗೆದು ನಡೆದಳು. ನಾನು ಹಿಂದೆ. ಒಂಬತ್ತು ವರ್ಷದಲ್ಲಿ ಯೂನಿಫಾರ್ಮಿನವನೊಬ್ಬನ ಎದುರಿಗೆ ಅವಳು ತಾನಾಗಿ ನಡೆದು ಹೋದದ್ದು ಅದೇ ಮೊದಲು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. ಅವನು ಫೋಟೊ ನೋಡಿದ, ಕುಂಕುಮ ನೋಡಿದ, ಮುಖ ನೋಡಿದ. ಲಕೋಟೆಯ ಮೇಲಿನ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿದ. ಆಮೇಲೆ ಲಕೋಟೆ ಚಾಚಿ, ಒಳ್ಳೆಯ ದಿನವಾಗಲಿ ಎಂದು ಗಾಡಿಯನ್ನು ಪಕ್ಕದ ಮನೆಗೆ ಬಿಟ್ಟ.

ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತೆ. "ತಪ್ಪಾಯ್ತಮ್ಮ. ಓದದೆ ಟಿಕ್ ಹಾಕಿದೆ. ನಿನ್ನ ಬದುಕನ್ನೇ ಹಾಳು ಮಾಡ್ತಿದ್ದೆ," ಎಂದೆ.

ಅವಳಿಗೆ ಸಿಟ್ಟು ಬಂದಿತ್ತು. ಬರಬೇಕಾದದ್ದೇ. "ನೀವು ಕಲತಾವ್ರು ಅಂತ ನಾ ಸಹಿ ಮಾಡಿದೆ ಅಕ್ಕೋರ. ಇನ್ನ ಮ್ಯಾಲ ನನಗ ಮೊದಲ ಓದಿ ಹೇಳ್ರಿ," ಎಂದು ಒಳಗೆ ಹೋದಳು.

ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುವ ಹೊತ್ತಾಗಿತ್ತು. ಗಿರಿಜವ್ವ ಕೆಂಡದ ಮೇಲೆ ಮೊದಲು ನನ್ನ ಫಾರಂ ಇಟ್ಟು, ಅದು ಕರಕಲಾದ ಮೇಲೆ ಸಾಂಬ್ರಾಣಿ ಉದುರಿಸಿದಳು. ಚಾವಣಿಯ ಹೊಗೆ ಗಂಟೆ ಕಿರ್ರೋ ಎಂದು ಬಡಿದುಕೊಂಡಿತು. ಶ್ರೀಕಾಂತ ಕುರ್ಚಿ ಹತ್ತಿ ಪೇಪರಿನಿಂದ ಗಾಳಿ ಹಾಕಿದ. ಕೂಸು ಮಾತ್ರ ಆ ಗಲಾಟೆಯಲ್ಲೇ ಬಾಯಿ ತೆರೆದು ನಿದ್ದೆ ಹೋಯಿತು.

ಹೊಗೆ ತಿಳಿಯಾದ ಮೇಲೆ ಅವಳೇ ಮಾತು ತೆಗೆದಳು.

"ಅಕ್ಕೋರ, ಊರಾಗಿನ ಪಟ್ಟಿಯೊಳಗ ನನ್ನ ಹೆಸರು ಇನ್ನೂ ಐತೇನ್ರೀ?"

ಅವಳ ಊರು, ತಂದೆಯ ಹೆಸರು ಕೇಳಿಕೊಂಡು ಫೋನಿನಲ್ಲಿ ಹುಡುಕಿದೆ. ಎರಡು ಸಲ ಹುಡುಕಿದೆ. ಇದೆ ಎಂದುಬಿಡುವ ಆಸೆ ಬಂತು. ಆದರೆ ಓದಿ ಹೇಳಿ ಎಂದವಳಿಗೆ ಸುಳ್ಳು ಓದಲಾರದೆ ಹೋದೆ.

"ಇಲ್ಲಮ್ಮ. ತೆಗೆದಿದಾರೆ."

"ನಿಮ್ಮಂಥಾ ಅಕ್ಕೋರ ಯಾರೋ ಗೀಟು ಎಳದಿರಬೇಕು." ಕೂಸಿನ ಮೂಗು ತೀಡಿದಳು. "ಇರ್ಲಿ. ಇದಂತೂ ವೋಟು ಹಾಕ್ತೈತಿ ಹದಿನೆಂಟಕ್ಕ. ನನ್ನ ಕೈಯಾಗ ನೀರು ಹಾಕಿಸ್ಕೊಂಡಾವೆಲ್ಲಾ ಹಾಕ್ತಾವ."

ನಾನು ಊರು ಬಿಟ್ಟವರೆಂದು ಗೆರೆ ಎಳೆದ ಹೆಸರುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅವರೆಲ್ಲ ಯಾವ ಯಾವ ಊರಿನಲ್ಲಿ ಯಾರ ಕೂಸಿಗೆ ನೀರು ಹಾಕುತ್ತಿದ್ದಾರೋ ಎಂದು ಆ ದಿನವಿಡೀ ಯೋಚಿಸಿದೆ.

ಡೆಟ್ರಾಯಿಟ್

ಇಂಟರ್‌ವ್ಯೂ ದಿನ ಶ್ರೀಕಾಂತನ ಜೊತೆ ನಾನೂ ಹೋದೆ. ಅವನು ಒಳಗೆ ಹೋಗಿ ಬಂದ ಮೇಲೆ ನನ್ನನ್ನು ನದಿಯ ದಡಕ್ಕೆ ಕರೆದೊಯ್ದ. ಆಚೆ ದಡ ಕೆನಡಾ ಎಂದು ತೋರಿಸಿದ. ಕೆನಡಾ ಉತ್ತರಕ್ಕಿದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ನಾನು, ಆ ಜಾಗದಲ್ಲಿ ಅದು ದಕ್ಷಿಣಕ್ಕಿತ್ತು. ಉದ್ದನೆಯ ಹಡಗೊಂದು ಎರಡು ದೇಶಗಳ ನಡುವೆ ಸದ್ದಿಲ್ಲದೆ ಜಾರಿಹೋಯಿತು. ಬೆಂಚಿನ ಮೇಲೊಬ್ಬ ಅಜ್ಜ ಆ ದೇಶದ ಕಡೆ ಮುಖ ಮಾಡಿ ಗಾಳ ಹಾಕಿ ಕೂತಿದ್ದ.

"ಆ ಪ್ರಶ್ನೆ ಕೇಳಿದ್ರೇನೋ?" ಎಂದೆ.

"ಕೇಳಿದ್ರು. ಇಲ್ಲ ಅಂದೆ. ಪಾಸಾಯ್ತು. ಪ್ರಮಾಣವಚನ ತೊಗೊಂಡ್ ಮೇಲೆ ಅಲ್ಲೇ ವೋಟರ್ ಫಾರಂ ಕೊಡ್ತಾರಂತೆ ಆಂಟಿ. ನೀವೇ ಫಿಲ್ ಮಾಡ್ಕೊಡ್ತೀರಾ?"

ನಾನು ಎರಡೂ ಕೈ ಮುಗಿದೆ.

ಮತ್ತೆ ಷಿಕಾಗೊ

ಬಾಣಂತನ ಮುಗಿಸಿ ಓಕ್ ಬ್ರೂಕಿಗೆ ಮರಳಿದಾಗ ಹತ್ತಿ ಹಾರುವುದು ಯಾವಾಗಲೋ ನಿಂತಿತ್ತು. ಗಿರಿಜವ್ವನ ಕಾರ್ಡು ಬಂದು ಕಾಯುತ್ತಿತ್ತು. ಅವಳು ಅದನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕೂತಳು. ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಓದಿ ಹೇಳಿದೆ. ಹೆಸರು, ವಿಳಾಸ, ಎತ್ತರ, ಕಣ್ಣಿನ ಬಣ್ಣ. ಕೇಂದ್ರ ಸರ್ಕಾರದ ಕೆಲಸಗಳಿಗೆ ಇದಕ್ಕೆ ಮಿತಿಯುಂಟು ಎಂದು ಬರೆದದ್ದನ್ನೂ ಓದಿದೆ. ಈ ಕಾರ್ಡು ಇದ್ದ ಮಾತ್ರಕ್ಕೆ ಸರ್ಕಾರ ಹಿಡಿದು ಊರಿಗೆ ಅಟ್ಟುವುದೇನೂ ತಪ್ಪುವುದಿಲ್ಲ ಎಂದು ವಸುಧಾ ಎಚ್ಚರಿಸಿದ್ದನ್ನೂ ಹೇಳಿದೆ.

"ಗೊತ್ತೈತ್ರೀ," ಎಂದಳು. "ಗಾಡಿ ಓಡಸಾಕಂತೂ ಸಾಕಲ್ಲ."

ನಾನು ಹೊರಡುವ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ತಾನೇ ಬಿಡುತ್ತೇನೆಂದು ಹಟ ಹಿಡಿದಳು. ಕಾರಿನ ಗಾಜಿನಾಚೆ ಆ ಆಳಿಲ್ಲದ ಬೀದಿಗಳು, ದುಂಡನೆಯ ಮರಗಳು ತೇಲಿ ಹೋದವು. ನನಗೆ ಆಗಲೇ ಅವೆಲ್ಲ ನೆನಪಿನಲ್ಲಿ ಕಂಡ ಹಾಗೆ ಕಾಣುತ್ತಿದ್ದವು. ಗಿರಿಜವ್ವ ಮಾತಾಡುತ್ತಿದ್ದವಳು ಅರ್ಧಕ್ಕೇ ಬಿಟ್ಟು ಕನ್ನಡಿ ನೋಡಿದಳು. ನಾನೂ ತಿರುಗಿ ನೋಡಿದೆ. ಹಿಂದೆ ಪೊಲೀಸ್ ಕಾರು.

ಬಲಗಡೆ ಒಂದು ಅಂಗಡಿಯ ಪಾರ್ಕಿಂಗು ಬಂತು. ಅವಳ ಕೈ ಇಂಡಿಕೇಟರಿನವರೆಗೆ ಹೋಯಿತು. ಅಲ್ಲೇ ಒಂದು ಕ್ಷಣ ನಿಂತು, ಸ್ಟೀರಿಂಗಿಗೆ ವಾಪಸು ಬಂತು. ಅಂಗಡಿ ಹಿಂದಾಯಿತು. ಅದರ ಮುಂದಿನದೂ ಹಿಂದಾಯಿತು. ಎರಡು ಸಿಗ್ನಲ್ ದಾಟಿದ ಮೇಲೆ ಪೊಲೀಸ್ ಕಾರು ಪಕ್ಕಕ್ಕೆ ಬಂದು, ನಮ್ಮನ್ನು ತಿರುಗಿಯೂ ನೋಡದೆ ಮುಂದೆ ಹೋಯಿತು.

"ಹೋದಾ ನೋಡ್ರೀ," ಎಂದು ಗಿರಿಜವ್ವ ದೊಡ್ಡದಾಗಿ ನಕ್ಕಳು. "ಪಾಪ, ಅವಗ ಬ್ಯಾರೆ ಏನೋ ಕೆಲಸ ಇದ್ದೀತು. ಒಂಬತ್ತು ವರ್ಷ ನಾ ಸುಮ್ನ ಆ ಅಂಗಡಿಗೋಳ ಮುಂದ ಕುಂತಿದ್ದೆ."